ರಾಣಿಯ ಪಟ್ಟ, ಬೇಟೆಗಾರನ ಹೃದಯ

(ಸಂಘದ ಸಾಹಿತ್ಯ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಪರಿಷ್ಕೃತ ಪಾಠ)



ಕಥೆ ಮತ್ತು ನ್ಯಾಯ ಎಂಬ ವಿಷಯವನ್ನು ಕುರಿತು ಮಾತನಾಡಲು ನನ್ನನ್ನು ಕರೆದಾಗ, ನಾನು ರನ್ನನ ಬಗೆಗೋ ಕಾರ್ನಾಡರ ಬಗೆಗೋ ಮಾತನಾಡುತ್ತೇನೆಂದು ಸಂಘಟಕರು ಎಣಿಸಿದ್ದಿರಬೇಕು. ಅವರಿಬ್ಬರೂ ಬರುತ್ತಾರೆ. ಆದರೆ ಅವರಿಗಿಂತ ಮೊದಲು ಅಮೆರಿಕದ ಒಂದು ದೂರದರ್ಶನ ಧಾರಾವಾಹಿ ಬರುತ್ತದೆ. ಹಿರಿಯರು ದಯವಿಟ್ಟು ಎದ್ದು ಹೋಗಬಾರದು.

'ವನ್ಸ್ ಅಪಾನ್ ಎ ಟೈಮ್' ಎಂಬ ಆ ಧಾರಾವಾಹಿ 2011ರ ಅಕ್ಟೋಬರಿನಲ್ಲಿ ಎಬಿಸಿ ವಾಹಿನಿಯಲ್ಲಿ ಆರಂಭವಾಗಿ, 2018ರ ಮೇ ತಿಂಗಳಲ್ಲಿ 155 ಕಂತುಗಳನ್ನು ಮುಗಿಸಿ ನಿಂತಿತು. ಎಡ್ವರ್ಡ್ ಕಿಟ್ಸಿಸ್ ಮತ್ತು ಆಡಮ್ ಹೊರೊವಿಟ್ಜ್ ಅದರ ನಿರ್ಮಾತೃಗಳು. ನಾನದನ್ನು ನೋಡಿದ್ದು ನಿಂತ ಮೇಲೆ, ನನ್ನ ಮೊಮ್ಮಗಳ ಪಕ್ಕದಲ್ಲಿ ಕುಳಿತು. ಮೊದಮೊದಲು ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡು, ಆಮೇಲೆ ಪತ್ರಿಕೆಯನ್ನು ಬದಿಗಿಟ್ಟು.

ಕಥೆ ಹೀಗಿದೆ. ಹಿಮಬಿಳುಪಿಯನ್ನು ಕೊಲ್ಲಹೊರಟ ದುಷ್ಟ ರಾಣಿ ಸೋತ ಮೇಲೆ, ತನ್ನ ಸ್ವಂತ ತಂದೆಯ ಹೃದಯವನ್ನು ಬಲಿಕೊಟ್ಟು ಒಂದು ಶಾಪವನ್ನು ಹೂಡುತ್ತಾಳೆ. ಕಿನ್ನರ ಲೋಕದ ಸಮಸ್ತರೂ ಅಮೆರಿಕದ ಸ್ಟೋರಿಬ್ರೂಕ್ ಎಂಬ ಸಣ್ಣ ಊರಿಗೆ ಬಂದು ಬೀಳುತ್ತಾರೆ. ತಾವು ಯಾರೆಂಬುದನ್ನು ಮರೆತು, ಕಾಲವೇ ನಿಂತುಹೋದ ಆ ಊರಿನಲ್ಲಿ 28 ವರ್ಷ ಬದುಕುತ್ತಾರೆ. ರಾಣಿ ಅಲ್ಲಿ ರೆಜಿನಾ ಎಂಬ ಹೆಸರಿನ ನಗರಾಧ್ಯಕ್ಷೆ. ಹಿಮಬಿಳುಪಿಯ ಮಗಳು ಎಮ್ಮಾ ಆ ಊರಿಗೆ ಬರುತ್ತಾಳೆ. ಎಮ್ಮಾ ಹೆತ್ತು ಬಿಟ್ಟುಕೊಟ್ಟ ಹುಡುಗ ಹೆನ್ರಿಯನ್ನು ಸಾಕುತ್ತಿರುವವಳು ಆ ರೆಜಿನಾಳೇ. ಮರೆವನ್ನು ರಾಜಕೀಯ ಅಸ್ತ್ರವನ್ನಾಗಿಸಿದ ಒಂದು ಪ್ರಭುತ್ವ, ತಮ್ಮ ಹೆಸರನ್ನೇ ಕಳೆದುಕೊಂಡ ಪ್ರಜೆಗಳು: ಹೊರನಾಡಿನಲ್ಲಿ ಕುಳಿತ ನಮ್ಮಂಥವರಿಗೆ ಇದರ ರೂಪಕಶಕ್ತಿಯನ್ನು ವಿವರಿಸಿ ಹೇಳಬೇಕಾಗಿಲ್ಲ.

ಏಳನೆಯ ಕಂತಿನಲ್ಲಿ, 2011ರ ಡಿಸೆಂಬರಿನಲ್ಲಿ, ಗ್ರಹಾಮ್ ಸಾಯುತ್ತಾನೆ. ಹಿಮಬಿಳುಪಿಯ ಹೃದಯವನ್ನು ಕಿತ್ತು ತಾ ಎಂದು ರಾಣಿ ಕಾಡಿಗೆ ಕಳುಹಿಸಿದ ಬೇಟೆಗಾರ ಇವನು. ಅವಳನ್ನು ಕೊಲ್ಲಲು ಮನಸ್ಸು ಬಾರದೆ ಬಿಟ್ಟುಕಳುಹಿಸಿದ. ಅದಕ್ಕೆ ಶಿಕ್ಷೆಯಾಗಿ ರಾಣಿ ಅವನದೇ ಹೃದಯವನ್ನು ಕಿತ್ತು ಪೆಟ್ಟಿಗೆಯಲ್ಲಿಟ್ಟಳು. ಅಂದಿನಿಂದ ಅವನು ಅವಳ ಆಳು. ಅವಳ ಹಾಸಿಗೆಗೂ ಆಳು. ಸ್ಟೋರಿಬ್ರೂಕಿನಲ್ಲಿ ಅವನೇ ಊರಿನ ಪೊಲೀಸ್ ಅಧಿಕಾರಿ. ಎಮ್ಮಾಳನ್ನು ಚುಂಬಿಸಿದಾಗ ಅವನಿಗೆ ಎಲ್ಲವೂ ನೆನಪಿಗೆ ಬರುತ್ತದೆ. ಅದೇ ಗಳಿಗೆಯಲ್ಲಿ ಬೇರೊಂದೆಡೆ ನಿಂತ ರೆಜಿನಾ ಆ ಹೃದಯವನ್ನು ಮುಷ್ಟಿಯಲ್ಲಿ ಹಿಡಿದು ಪುಡಿ ಮಾಡುತ್ತಾಳೆ. ಕಂತು ಮುಗಿಯಿತು. ಮುಂದಿನ ವರ್ಷಗಳಲ್ಲಿ ರೆಜಿನಾ ಕ್ರಮೇಣ ಒಳ್ಳೆಯವಳಾಗುತ್ತಾಳೆ. ಹಿಮಬಿಳುಪಿಯ ಕುಟುಂಬದ ಒಬ್ಬಳಾಗುತ್ತಾಳೆ. ಎಮ್ಮಾಳ ಆಪ್ತ ಗೆಳತಿಯಾಗುತ್ತಾಳೆ. ಗ್ರಹಾಮನ ಕೊಲೆಗೆ ಆ ಊರಿನಲ್ಲಿ ವಿಚಾರಣೆಯೆಂಬುದು ನಡೆಯಲೇ ಇಲ್ಲ.

ಮೂರನೆಯ ಆವೃತ್ತಿಯಲ್ಲೆಲ್ಲೋ ಮೊಮ್ಮಗಳು ಕೇಳಿದಳು: "ಅಜ್ಜಾ, ಗ್ರಹಾಮ್ ಏನಾದ ಅಂತ ಯಾರೂ ಕೇಳೋದೇ ಇಲ್ಲವಲ್ಲ?" ಈ ಧಾರಾವಾಹಿಯ ಅಭಿಮಾನಿಗಳಲ್ಲಿ ಅನೇಕರು ಇದೇ ಪ್ರಶ್ನೆಯನ್ನು ವರ್ಷಗಟ್ಟಲೆ ಕೇಳಿದ್ದಾರೆಂಬುದು ನನಗೆ ತಿಳಿದದ್ದು ಆಮೇಲೆ. ಅವರ ಅಸಮಾಧಾನವನ್ನು ಹರೆಯದವರ ಹುಚ್ಚೆಂದು ತಳ್ಳಿಹಾಕುವ ವಿಮರ್ಶಕರಿದ್ದಾರೆ. ನಾನು ಅದನ್ನು ಗಂಭೀರವಾದ ಸಾಹಿತ್ಯ ವಿಮರ್ಶೆಯೆಂದೇ ಪರಿಗಣಿಸುತ್ತೇನೆ.

ಅವರ ದೂರು ಒಂದೇ ಬಗೆಯದಲ್ಲ. ರಂಪಲ್‌ಸ್ಟಿಲ್ಟ್‌ಸ್ಕಿನ್‌ನನ್ನು ನೋಡಿ. ರಾಬರ್ಟ್ ಕಾರ್ಲೈಲ್ ಎಂಬ ಅಸಾಧಾರಣ ನಟ ಜೀವ ತುಂಬಿದ ಪಾತ್ರ. ಹೇಡಿಯೊಬ್ಬ ಮಗನನ್ನು ಉಳಿಸಿಕೊಳ್ಳಲು ಮಾಂತ್ರಿಕ ಶಕ್ತಿಯನ್ನು ಪಡೆದು, ಆ ಶಕ್ತಿಗಾಗಿಯೇ ಮಗನನ್ನು ಕಳೆದುಕೊಳ್ಳುತ್ತಾನೆ. ಇದು ದೊಡ್ಡ ದುರಂತದ ಬೀಜ. ಆದರೆ ಮುಂದೇನಾಯಿತು? 2014ರ ಮೇ ತಿಂಗಳಲ್ಲಿ ಬೆಲ್ ಎಂಬ ಪ್ರೇಯಸಿಯ ಕೈಗೆ ತನ್ನ ಶಕ್ತಿಯ ಕಠಾರಿಯೆಂದು ನಕಲಿಯೊಂದನ್ನು ಕೊಟ್ಟು ಮದುವೆಯಾಗುತ್ತಾನೆ. ಡಿಸೆಂಬರಿನಲ್ಲಿ ಅದು ಬಯಲಾಗಿ ಅವಳು ಅವನನ್ನು ಊರ ಗಡಿಯಾಚೆ ಅಟ್ಟುತ್ತಾಳೆ. 2015ರಲ್ಲಿ ಅವನು ನಿಷ್ಕಳಂಕ ವೀರನಾಗುತ್ತಾನೆ. ಅದೇ ವರ್ಷದ ಡಿಸೆಂಬರಿನಲ್ಲಿ ಗುಟ್ಟಾಗಿ ಮತ್ತೆ ಅದೇ ಶಕ್ತಿಯನ್ನು ವಶಪಡಿಸಿಕೊಳ್ಳುತ್ತಾನೆ. ಮನುಷ್ಯರು ಮರಳಿ ಮರಳಿ ಜಾರುವುದು ಸುಳ್ಳೇನಲ್ಲ. ಆದರೆ ಜಾರಿದವನು ಪ್ರತಿಸಲವೂ ಬೇರೆ ಕಡೆ ಬೀಳುತ್ತಾನೆ, ಬೇರೆ ಮೂಳೆ ಮುರಿದುಕೊಳ್ಳುತ್ತಾನೆ. ಇಲ್ಲಿಯದು ಗಾಣದೆತ್ತಿನ ಸುತ್ತು. ಅವನೊಡನೆ ಬೆಲ್ ಕೂಡ ಸುತ್ತಬೇಕು. ಪುಸ್ತಕ ಪ್ರೇಮಿಯಾದ ಆ ಜಾಣೆಗೆ ಕೊನೆಗೆ ಕ್ಷಮಿಸುವುದರ ಹೊರತು ಬೇರೆ ಉದ್ಯೋಗವೇ ಉಳಿಯುವುದಿಲ್ಲ.

ಇನ್ನು ಮುಲಾನ್. 2013ರ ಅಕ್ಟೋಬರಿನಲ್ಲಿ ಈ ಚೀನೀ ವೀರ ವನಿತೆ ತಾನು ಪ್ರೀತಿಸುವ ಅರೋರಾಳಿಗೆ ಮನಸ್ಸು ಬಿಚ್ಚಿ ಹೇಳಲು ಬರುತ್ತಾಳೆ. ಅರೋರಾ ತಾನು ಗರ್ಭಿಣಿಯೆಂಬ ಸುದ್ದಿ ಹೇಳುತ್ತಾಳೆ. ಮುಲಾನ್ ಮಾತನ್ನು ನುಂಗಿಕೊಂಡು ಹೊರಟುಹೋಗುತ್ತಾಳೆ. ಎಷ್ಟು ಸೂಕ್ಷ್ಮವಾದ ದೃಶ್ಯ! ಮತ್ತೆ ಅವಳು ಕಾಣಿಸಿಕೊಳ್ಳುವುದು ಸುಮಾರು ಎರಡು ವರ್ಷಗಳ ಬಳಿಕ, 2015ರಲ್ಲಿ. ನಡುವಿನ ಅವಧಿಯಲ್ಲಿ, 2014ರಲ್ಲಿ, ತೆರೆಯನ್ನು ಆಕ್ರಮಿಸಿದವರು 'ಫ್ರೋಜನ್' ಚಲನಚಿತ್ರದ ಎಲ್ಸಾ ಮತ್ತು ಆನಾ. ಆ ಚಿತ್ರ ಡಿಸ್ನಿ ಸಂಸ್ಥೆಯದು. 2013ರ ನವೆಂಬರಿನಲ್ಲಿ ಬಿಡುಗಡೆಯಾಗಿ ಅಪಾರ ಹಣ ಗಳಿಸಿತ್ತು. ಎಬಿಸಿ ವಾಹಿನಿ 1996ರಿಂದ ಡಿಸ್ನಿಯ ಒಡೆತನದಲ್ಲಿದೆ. ಯಾರ ಒಳಬದುಕು ಬೆಳೆಯಬೇಕು, ಯಾರದು ಅರ್ಧದಲ್ಲಿ ನಿಲ್ಲಬೇಕು ಎಂಬ ತೀರ್ಮಾನದ ಹಿಂದೆ ಬಂಡವಾಳದ ತರ್ಕ ಎಷ್ಟು ಕೆಲಸ ಮಾಡಿತೆಂಬುದನ್ನು ನೀವೇ ಊಹಿಸಬಹುದು.

ಮೂಲ ಕಥೆಗಳಲ್ಲಿ ಪಾತ್ರಗಳು ಬೆಳೆಯುತ್ತವೆಯೇ ಎಂದು ಯಾರಾದರೂ ಕೇಳಬಹುದು. ಬೆಳೆಯುವುದಿಲ್ಲ. ಸ್ವಿಟ್ಜರ್ಲೆಂಡಿನ ವಿದ್ವಾಂಸ ಮ್ಯಾಕ್ಸ್ ಲ್ಯೂಥಿ 1947ರ ತನ್ನ ಗ್ರಂಥದಲ್ಲಿ, ಜನಪದ ಕಥೆಯ ಪಾತ್ರಗಳಿಗೆ ಆಳವಿರುವುದಿಲ್ಲ, ಅವು ಕಾಗದದಲ್ಲಿ ಕತ್ತರಿಸಿದ ಆಕೃತಿಗಳಂತೆ ಚಪ್ಪಟೆ ಎಂಬ ವಾದವನ್ನು ಮಂಡಿಸಿದ. ಅದು ಆ ಕಥೆಗಳ ದೋಷವಲ್ಲ, ಅವುಗಳ ಶೈಲಿ. ಆದರೆ ಚಪ್ಪಟೆಯಾದ ಆ ಲೋಕದಲ್ಲಿ ಲೆಕ್ಕ ಮಾತ್ರ ಚೊಕ್ಕವಾಗಿರುತ್ತದೆ. ಗ್ರಿಮ್ ಸಹೋದರರ ಕಥೆಯಲ್ಲಿ ರಾಣಿ ಕಾದ ಕಬ್ಬಿಣದ ಪಾದರಕ್ಷೆ ತೊಟ್ಟು, ಹಿಮಬಿಳುಪಿಯ ಮದುವೆಯಲ್ಲಿ ಸಾಯುವವರೆಗೆ ಕುಣಿಯಬೇಕು. ಕ್ರೂರ ನಿಜ, ಆದರೆ ಬಾಕಿ ಉಳಿಯುವುದಿಲ್ಲ. (ಪಾತ್ರವನ್ನು ತಿದ್ದುವ ಚಾಳಿ ದೂರದರ್ಶನದಿಂದ ಆರಂಭವಾದದ್ದೂ ಅಲ್ಲ. 1812ರ ಮೊದಲ ಮುದ್ರಣದಲ್ಲಿ ಆ ರಾಣಿ ಹಿಮಬಿಳುಪಿಯ ಹೆತ್ತ ತಾಯಿಯೇ. 1819ರ ಮುದ್ರಣದಲ್ಲಿ ಗ್ರಿಮ್ ಸಹೋದರರು ಅವಳನ್ನು ಮಲತಾಯಿಯಾಗಿಸಿದರು. ತಾಯ್ತನದ ಮರ್ಯಾದೆ ಉಳಿಯಿತು. ಮಲತಾಯಂದಿರ ಮರ್ಯಾದೆ ಹೋಯಿತು.)

ಧಾರಾವಾಹಿ ಮಾಡಿದ್ದೇನು? ಕಾದ ಪಾದರಕ್ಷೆಯನ್ನು ಕೈಬಿಟ್ಟು, ಅದರ ಬದಲಿಗೆ ಅಂತರಂಗವನ್ನು ಕೊಡುವುದಾಗಿ ಮಾತು ಕೊಟ್ಟಿತು. ರೆಜಿನಾಳ ಹಗೆಗೆ ಕಾರಣವನ್ನು ಕಟ್ಟಿತು: ಅವಳು ಪ್ರೀತಿಸಿದ ಲಾಯದ ಹುಡುಗನ ಗುಟ್ಟನ್ನು ಬಾಲೆ ಹಿಮಬಿಳುಪಿ ತಿಳಿಯದೆ ಬಿಟ್ಟುಕೊಟ್ಟಳು, ರೆಜಿನಾಳ ತಾಯಿ ಅವನನ್ನು ಕೊಂದಳು. ಒಪ್ಪತಕ್ಕದ್ದೇ. ಶಿಕ್ಷೆಯ ಜಾಗದಲ್ಲಿ ಅಂತರಂಗ ಬರುವುದಾದರೆ, ಆ ಅಂತರಂಗದೊಳಗೆ ಸತ್ತವರಿಗೂ ಒಂದು ಕೋಣೆ ಇರಬೇಕು. ಅಭಿಮಾನಿಗಳು ಕೇಳಿದ್ದು ಆ ಕೋಣೆಯನ್ನು.

ಈ ಸಂದರ್ಭದಲ್ಲಿ 2013ರ ನವೆಂಬರಿನ ಒಂದು ಕಂತನ್ನು ನೆನೆಯಬೇಕು. ಪಶ್ಚಾತ್ತಾಪವಿರುವವರನ್ನು ಕಟ್ಟಿಹಾಕುವ ಒಂದು ಮರ. ಎಮ್ಮಾ, ಹಿಮಬಿಳುಪಿ, ರೆಜಿನಾ, ಮೂವರೂ ಅದಕ್ಕೆ ಸಿಲುಕುತ್ತಾರೆ. ಹೆನ್ರಿಯ ಪ್ರಾಣ ಪೀಟರ್ ಪ್ಯಾನ್‌ನ ಕೈಯಲ್ಲಿದೆ. ಆಗ ರೆಜಿನಾ ಹೇಳುವುದರ ತಾತ್ಪರ್ಯ ಇದು: ನಾನು ಕೊಂದಿದ್ದೇನೆ, ಪೀಡಿಸಿದ್ದೇನೆ, ಪಶ್ಚಾತ್ತಾಪದಿಂದ ತುಂಬಿ ತುಳುಕಬೇಕಾಗಿತ್ತು, ಆದರೆ ಇಲ್ಲ, ಏಕೆಂದರೆ ಅದೆಲ್ಲದರಿಂದಲೇ ನನಗೆ ಮಗ ದೊರೆತ. ಬಳ್ಳಿಗಳು ಹರಿದುಬೀಳುತ್ತವೆ, ಅವಳು ಮಗನನ್ನು ಉಳಿಸುತ್ತಾಳೆ. ಲಾನಾ ಪರಿಲ್ಲಾ ಅದನ್ನು ಅಭಿನಯಿಸಿದ ರೀತಿಗೆ ನಾನೂ ತಲೆದೂಗಿದೆ. ನಾಟಕೀಯವಾಗಿ ಅದು ಅದ್ಭುತ. ಆದರೆ ಆ ರಾತ್ರಿ ನಿದ್ದೆ ಹತ್ತದೆ ಯೋಚಿಸಿದಾಗ ಮೈ ಜುಮ್ಮೆಂದಿತು. ನನ್ನ ಮಗುವಿನ ಸುಖಕ್ಕೆ ಇತರರ ಹೆಣಗಳು ಮೆಟ್ಟಿಲಾದವು, ಆದ್ದರಿಂದ ನನಗೆ ಬೇಸರವಿಲ್ಲ ಎನ್ನುವುದು ಕಿನ್ನರ ಲೋಕದ ರಾಣಿಯರು ಮಾತ್ರ ಆಡುವ ಮಾತೇ? ಅದನ್ನು ಪಾತ್ರದ ಭಯಂಕರ ಸತ್ಯವೆಂದು ತೋರಿಸಿದ್ದರೆ ಕೃತಿ ದೊಡ್ಡದಾಗುತ್ತಿತ್ತು. ಧಾರಾವಾಹಿ ಅದನ್ನು ಗೆಲುವೆಂದು ತೋರಿಸಿತು.

ಈಗ ರನ್ನನಿಗೆ ಬರುತ್ತೇನೆ. ಹತ್ತನೆಯ ಶತಮಾನದ ಕೊನೆಯ ಭಾಗದ ಈ ಕವಿ ತನ್ನ 'ಗದಾಯುದ್ಧ'ದಲ್ಲಿ ಭೀಮನನ್ನು ನಾಯಕನನ್ನಾಗಿಸಿಕೊಂಡು, ಹೃದಯವನ್ನು ದುರ್ಯೋಧನನಿಗೆ ಕೊಟ್ಟನೆಂದು ನಮ್ಮ ವಿಮರ್ಶಕರು ಹೇಳುತ್ತ ಬಂದಿದ್ದಾರೆ. ಹೇಗೆ ಕೊಟ್ಟ? ದುರ್ಯೋಧನ ಒಳ್ಳೆಯವನಾಗುವುದಿಲ್ಲ. ಪಾಂಡವರೊಡನೆ ಸಂಧಿಗೆ ಒಪ್ಪುವುದಿಲ್ಲ. ಛಲ ಕೊನೆಯವರೆಗೆ ಛಲವೇ. ಆದರೆ ರನ್ನ ಅವನನ್ನು ಸಂಜಯನೊಡನೆ ರಣರಂಗದ ಹೆಣಗಳ ನಡುವೆ ನಡೆಸುತ್ತಾನೆ. ದ್ರೋಣನ ಕಳೇಬರ, ಮಗ ಲಕ್ಷಣಕುಮಾರನ ಕಳೇಬರ, ದುಶ್ಶಾಸನನದು, ಕರ್ಣನದು. ಒಂದೊಂದರ ಎದುರಿಗೂ ಅವನು ನಿಲ್ಲಬೇಕು. ಒಂದೊಂದಕ್ಕೂ ಮಾತು ಕೊಡಬೇಕು. ತನ್ನವರಷ್ಟೇ ಅಲ್ಲ: ಶತ್ರುವಿನ ಮಗ ಅಭಿಮನ್ಯುವಿನ ಮುಂದೆಯೂ ನಿಂತು ಕೈಮುಗಿಯುವಷ್ಟು ಅವನು ದೊಡ್ಡವನಾಗುತ್ತಾನೆ. ಯಾರೂ ಅವನನ್ನು ಕ್ಷಮಿಸುವುದಿಲ್ಲ, ಓದುಗನೂ ಕ್ಷಮಿಸಬೇಕಾಗಿಲ್ಲ. ಆದರೂ ಅವನು ನಮ್ಮ ಕಣ್ಣೆದುರು ಬೆಳೆಯುತ್ತಾನೆ.

ಪಾತ್ರ ಬೆಳೆಯುವುದೆಂದರೆ ಒಳ್ಳೆಯದಾಗುವುದು ಎಂಬ ಸಮೀಕರಣವೇ ತಪ್ಪೆಂದು ನನಗನ್ನಿಸುವುದು ಈ ಕಾರಣಕ್ಕೆ. ರೆಜಿನಾಳಿಗೂ ಇಂಥ ಒಂದು ನಡಿಗೆ ಒದಗಿತ್ತು. 2013ರ ಒಂದು ಕಂತಿನಲ್ಲಿ ರಾಣಿ ಒಂದಿಡೀ ಹಳ್ಳಿಯನ್ನು ಕೊಲ್ಲಿಸಿರುತ್ತಾಳೆ. ಹೆಣಗಳ ರಾಶಿಯನ್ನು ಕಣ್ಣಾರೆ ಕಂಡ ಹಿಮಬಿಳುಪಿ, ಈ ರಾಣಿಯಲ್ಲಿ ಒಳ್ಳೆಯತನ ಉಳಿದಿರಬಹುದೆಂಬ ತನ್ನ ಮಾತನ್ನು ಹಿಂತೆಗೆದುಕೊಳ್ಳುತ್ತಾಳೆ. ಆ ಹೆಣಗಳು ಮುಂದೆ ಕಥೆಗೆ ಬೇಕಾಗಲಿಲ್ಲ. ರನ್ನನ ರಣರಂಗ ಲೇಖಕರ ಕೈಯಲ್ಲೇ ಇತ್ತು. ರಾಣಿಯನ್ನು ಅಲ್ಲಿ ಮತ್ತೆ ನಡೆಸಲಿಲ್ಲ, ಅಷ್ಟೆ.

ರೆಜಿನಾಳನ್ನು ಪ್ರೀತಿಸುವ ಅಭಿಮಾನಿಗಳಿಗೂ ಸಮಾಧಾನವಿರಲಿಲ್ಲ ಎಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಅವಳ ಪ್ರಿಯಕರ ರಾಬಿನ್ ಹುಡ್‌ನನ್ನು 2016ರಲ್ಲಿ ಕೊಂದು, ಆತ್ಮವೂ ಉಳಿಯದಂತೆ ಅಳಿಸಿಹಾಕಿದರು. ಅದಕ್ಕೆ ಮೊದಲು ಅವಳ ಅಕ್ಕ ಜೆಲೀನಾ, ರಾಬಿನ್‌ನ ಹೆಂಡತಿಯ ವೇಷ ಧರಿಸಿ ಅವನನ್ನು ವಂಚಿಸಿ ಗರ್ಭಿಣಿಯಾದಳು; ಆ ವಂಚನೆಗೆ ಇರಬೇಕಾದ ಹೆಸರನ್ನು ಧಾರಾವಾಹಿ ಎಂದೂ ಹೇಳಲಿಲ್ಲ. ಬಳಿಕ ಒಂದು ಔಷಧಿಯಿಂದ ರೆಜಿನಾಳೊಳಗಿನ ದುಷ್ಟತನವನ್ನು ಬೇರೊಂದು ದೇಹವಾಗಿ ಬೇರ್ಪಡಿಸಿದರು. ಐದು ವರ್ಷ ಒಬ್ಬ ಹೆಂಗಸು ತನ್ನೊಂದಿಗೆ ತಾನು ಹೋರಾಡಿದ್ದನ್ನು ಒಂದು ಸೀಸೆ ಮದ್ದು ಮಾಡಿ ಮುಗಿಸಿತು. ಒಂದು ಪಕ್ಷದವರು ಅವಳ ಪಾಪದ ಲೆಕ್ಕ ಇಡಲಿಲ್ಲವೆಂದರು. ಇನ್ನೊಂದು ಪಕ್ಷದವರು ಅವಳ ಪರಿಶ್ರಮದ ಲೆಕ್ಕ ಇಡಲಿಲ್ಲವೆಂದರು. ಪರಸ್ಪರ ಜಗಳವಾಡಿದ ಇವರಿಬ್ಬರ ಫಿರ್ಯಾದು ಒಂದೇ ಎಂದು ನನಗೆ ತೋರುತ್ತದೆ.

ಕೇಳುಗ ಕಥೆಯನ್ನು ಪ್ರಶ್ನಿಸುವುದು ನಮಗೆ ಹೊಸದಲ್ಲ. ಕಾರ್ನಾಡರು ಎ. ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಗಳಿಂದ ಕಟ್ಟಿದ 'ನಾಗಮಂಡಲ'ದಲ್ಲಿ ಕಥೆಯೇ ಒಂದು ಪಾತ್ರವಾಗಿ ರಂಗಕ್ಕೆ ಬರುತ್ತದೆ. ಅದು ಹೇಳಿದ ಮುಕ್ತಾಯ ಕೇಳುತ್ತಿದ್ದವರಿಗೆ ಒಪ್ಪಿಗೆಯಾಗುವುದಿಲ್ಲ. ಮತ್ತೊಂದು ಮುಕ್ತಾಯ ಹುಟ್ಟುತ್ತದೆ, ಅದರಲ್ಲಿ ನಾಗ ರಾಣಿಯ ತುರುಬಿನಲ್ಲಿ ಬದುಕಿ ಉಳಿಯುತ್ತಾನೆ. ರಂಗಭೂಮಿಯ ಆಚೆಗೂ ಇದಕ್ಕೆ ಉದಾಹರಣೆಯಿದೆ. ರಮಾನಂದ ಸಾಗರರ 'ರಾಮಾಯಣ' 1988ರಲ್ಲಿ ಪಟ್ಟಾಭಿಷೇಕಕ್ಕೆ ಮುಗಿದಾಗ ಜಲಂಧರದ ಪೌರಕಾರ್ಮಿಕರು ಮುಷ್ಕರ ಹೂಡಿದರು. ವಾಲ್ಮೀಕಿಯನ್ನು ತಮ್ಮ ಕುಲಗುರುವೆಂದು ನಂಬಿದ ಅವರಿಗೆ, ವಾಲ್ಮೀಕಿಯೇ ಪಾತ್ರವಾಗಿ ಬರುವ ಉತ್ತರಕಾಂಡವನ್ನು ಕೈಬಿಟ್ಟದ್ದು ತಮ್ಮನ್ನೇ ಕೈಬಿಟ್ಟಂತಾಗಿತ್ತು. ಲವಕುಶರ ಕಥೆ ತೆರೆಗೆ ಬಂತು. ಪೊರಕೆ ಕೆಳಗಿಟ್ಟು ಕಥೆಯ ಮುಂದಿನ ಭಾಗವನ್ನು ಕೇಳಿದ ಆ ಜನರನ್ನು ಪ್ರೇಕ್ಷಕರೆನ್ನೋಣವೋ, ವಿಮರ್ಶಕರೆನ್ನೋಣವೋ?

ಅಮೆರಿಕದ ಅಭಿಮಾನಿಗಳಿಗೆ ಅಂಥ ಉತ್ತರಕಾಂಡ ಸಿಗಲಿಲ್ಲ. 2017ರಲ್ಲಿ ಆರನೆಯ ಆವೃತ್ತಿ ಮುಗಿದಾಗ ಎಮ್ಮಾ ಮತ್ತು ಹಿಮಬಿಳುಪಿಯ ಪಾತ್ರ ಮಾಡಿದ ನಟಿಯರೂ ಸೇರಿದಂತೆ ಮುಖ್ಯ ಕಲಾವಿದರು ಹಲವರು ಹೊರಟುಹೋದರು. ಏಳನೆಯದು ಹೊಸ ಊರಿನಲ್ಲಿ, ಹೊಸ ಶಾಪದೊಂದಿಗೆ ನಡೆಯಿತು. ಅದರ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಕೊನೆಯ ಕಂತಿನಲ್ಲಿ ಎಲ್ಲ ಲೋಕಗಳನ್ನೂ ಒಂದುಗೂಡಿಸಿ, ಪ್ರಜೆಗಳ ಆಯ್ಕೆಯೆಂದು ಸಾರಿ, ರೆಜಿನಾಳಿಗೆ 'ಒಳ್ಳೆಯ ರಾಣಿ'ಯೆಂದು ಕಿರೀಟ ತೊಡಿಸಿದರು. ಕಿರೀಟ ತೊಡಿಸಿದವಳು ಹಿಮಬಿಳುಪಿಯೇ. ನನ್ನ ಮೊಮ್ಮಗಳು ಚಪ್ಪಾಳೆ ತಟ್ಟಿದಳು. ಒಂದು ಕ್ಷಣ ನಾನೂ ತಟ್ಟಿದೆ. ಆಮೇಲೆ ಅವಳು, "ಆ ಹಳ್ಳಿಯವರೂ ಓಟು ಹಾಕಿರ್ತಾರಾ ಅಜ್ಜಾ?" ಎಂದು ಕೇಳಿದಳು. ಯಾವ ಹಳ್ಳಿಯೆಂದು ನಾನು ಕೇಳಲಿಲ್ಲ.

ನನ್ನ ಸಮಯ ಮೀರಿದೆಯೆಂದು ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಹಿಂದಿನ ಸಾಲಿನಲ್ಲಿ ಕುಳಿತ ತರುಣ ಮಿತ್ರರಲ್ಲಿ ಕೆಲವರು ಮುಲಾನ್‌ಳ ಹೆಸರು ಬಂದಾಗ ತಲೆಯಾಡಿಸಿದ್ದನ್ನು ಕಂಡೆ. ಅವಳ ಬಗ್ಗೆ ಅವರು ನನಗಿಂತ ಹೆಚ್ಚು ಬಲ್ಲರು. ಚರ್ಚೆಯ ವೇಳೆಯನ್ನು ಅವರಿಗೆ ಬಿಟ್ಟುಕೊಡುತ್ತೇನೆ.