ಎಳೆಯ ಬೆಕ್ಕಿನ ಫಿಟ್ಸ್ ಮತ್ತು ಮನೆಯವರ ಕಣ್ಣು



ಸಾಕುಪ್ರಾಣಿಗಳ ಆರೋಗ್ಯದ ಬಗ್ಗೆ ಎಲ್ಲರಿಗೂ ತಿಳಿಯುವ ಹಾಗೆ ಮಾತಾಡಬೇಕೆಂಬುದು ಈ ಉಪನ್ಯಾಸದ ದತ್ತಿಯನ್ನು ಇಟ್ಟ ಕುಟುಂಬದ ಇಚ್ಛೆ. ಅದಕ್ಕಾಗಿ ಒಂದೇ ವಿಷಯ ಹಿಡಿದುಕೊಂಡು ಬಂದಿದ್ದೇನೆ. ಒಂದೆರಡು ವರ್ಷದೊಳಗಿನ ಬೆಕ್ಕಿಗೆ ಇದ್ದಕ್ಕಿದ್ದಂತೆ ಫಿಟ್ಸ್ ಬಂದರೆ ಅದು ಏನು, ಆಗ ಮನೆಯವರು ಏನು ಮಾಡಬೇಕು? ನನ್ನ ಮಾತಿನ ತಿರುಳನ್ನು ಮೊದಲೇ ಹೇಳಿಬಿಡುತ್ತೇನೆ. ಫಿಟ್ಸ್ ಅಂದರೆ ಮೆದುಳಿನ ನರಕೋಶಗಳು ಹತೋಟಿ ತಪ್ಪಿ ಒಟ್ಟೊಟ್ಟಿಗೆ ಮಿಡಿಯುವುದು. ಹಾಗೆ ಮಿಡಿಯಲು ಒಂದು ಕಾರಣ ಇರುತ್ತದೆ. ಎಳೆಯ ಬೆಕ್ಕಿನಲ್ಲಿ ಆ ಕಾರಣವನ್ನು ಹುಡುಕಿದರೆ ಬಹಳ ಸಲ ಸಿಗುತ್ತದೆ, ಸಿಕ್ಕಿದ್ದರಲ್ಲಿ ಹಲವನ್ನು ಸರಿಪಡಿಸಬಹುದು. ಈ ಹುಡುಕಾಟದ ಅರ್ಧ ನಡೆಯುವುದು ಮನೆಯಲ್ಲೇ.

ನಾವು ಪಶುವೈದ್ಯರು ಫಿಟ್ಸನ್ನು ಕಣ್ಣಾರೆ ಕಾಣುವುದು ಅಪರೂಪ. ಬೆಕ್ಕು ನಮ್ಮ ಮೇಜಿನ ಮೇಲೆ ಬಂದು ಕೂರುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಒಮ್ಮೆ ಒಬ್ಬ ಕಾಲೇಜು ಹುಡುಗಿ ಏಳು ತಿಂಗಳ ಬೂದು ಬಣ್ಣದ ಮರಿಯನ್ನು ಹಣ್ಣಿನ ಬುಟ್ಟಿಯಲ್ಲಿ ಇಟ್ಟುಕೊಂಡು ಬಂದಳು. ಮರಿ ಆರಾಮವಾಗಿ ಬುಟ್ಟಿಯ ಅಂಚು ಮೂಸುತ್ತಿತ್ತು. "ಡಾಕ್ಟ್ರೇ, ಅಜ್ಜಿ ಗಾಳಿ ಸೋಕಿದೆ ಅಂತಾರೆ, ನೀವು ಇದನ್ನ ನೋಡಿ" ಎಂದು ಫೋನ್ ಮುಂದೆ ಹಿಡಿದಳು. ವೀಡಿಯೊದಲ್ಲಿ ಮರಿಯ ಬಲಗಿವಿ ಮಾತ್ರ ಅದುರುತ್ತಿತ್ತು. ಆಮೇಲೆ ಬಲಗಡೆಯ ಮೀಸೆ, ಕಣ್ಣಿನ ರೆಪ್ಪೆ. ಬಾಯಿಂದ ಜೊಲ್ಲು ಇಳಿಯಿತು. ಬೆಕ್ಕು ನೆಟ್ಟ ನೋಟದಲ್ಲಿ ಕುಳಿತೇ ಇತ್ತು, ಬೀಳಲಿಲ್ಲ. ಅಜ್ಜಿ ಕಂಡದ್ದರಲ್ಲಿ ಸುಳ್ಳೇನೂ ಇರಲಿಲ್ಲ, ಕಂಡದ್ದಕ್ಕೆ ಅವರಲ್ಲಿದ್ದ ಹೆಸರು ಅದು. ಮೆದುಳಿನ ಒಂದು ಭಾಗದಲ್ಲಷ್ಟೇ ಹುಟ್ಟುವ ಇಂಥ ಸೆಳೆತ ಬೆಕ್ಕುಗಳಲ್ಲಿ ಸಾಮಾನ್ಯ. ಕೆಲವು ಇಲ್ಲದ ನೊಣವನ್ನು ಕಚ್ಚುತ್ತವೆ, ಕೆಲವು ಗೋಡೆಗೆ ಬಡಿದುಕೊಳ್ಳುವಷ್ಟು ಹುಚ್ಚಾಗಿ ಓಡುತ್ತವೆ. ನೆಲಕ್ಕೆ ಬಿದ್ದು ನಾಲ್ಕೂ ಕಾಲು ಸೆಟೆಸಿ, ಮೂತ್ರ ಹೋಗಿ, ಈಜಿದಂತೆ ಕಾಲು ಆಡಿಸುವುದನ್ನು ಮಾತ್ರ ಫಿಟ್ಸ್ ಎಂದುಕೊಂಡವರ ಕಣ್ಣಿಗೆ ಇವು ಬೀಳುವುದಿಲ್ಲ.

ಫಿಟ್ಸ್ ಅಲ್ಲದ್ದೂ ಕೆಲವಿವೆ. ನಿದ್ದೆಯಲ್ಲಿ ಮರಿಗಳು ಮೀಸೆ, ಪಂಜ ಅದುರಿಸುತ್ತವೆ. ಹೆಸರು ಹಿಡಿದು ಕರೆದರೆ ಎಚ್ಚರವಾಗುತ್ತವೆ. ಗರ್ಭದಲ್ಲಿದ್ದಾಗ ತಾಯಿಗೆ ಪ್ಯಾನ್‌ಲ್ಯುಕೋಪೀನಿಯ ತಗುಲಿದ್ದರೆ ಮರಿಯ ಕಿರುಮೆದುಳು ಪೂರ್ತಿ ಬೆಳೆಯದೆ, ಅದು ತಟ್ಟೆಯತ್ತ ತಲೆ ಚಾಚಿದಾಗಲೆಲ್ಲ ನಡುಗುತ್ತದೆ, ಮಲಗಿದಾಗ ನಡುಕ ನಿಲ್ಲುತ್ತದೆ. ಆ ಮರಿ ಓಲಾಡುತ್ತಲೇ ಬಹುಕಾಲ ಸುಖವಾಗಿ ಬಾಳಬಲ್ಲದು.

ಸೆಳೆತ ಬಂದ ಗಳಿಗೆಯಲ್ಲಿ ಮೊದಲು ಗಡಿಯಾರ ನೋಡಿ. ಬೆಕ್ಕು ಮೆಟ್ಟಿಲ ಮೇಲೋ ಕಟ್ಟೆಯ ಮೇಲೋ ಇದ್ದರೆ ಟವೆಲ್ ಸುತ್ತಿ ನೆಲಕ್ಕೆ ಇಳಿಸಿ, ಸುತ್ತಲಿನ ಗಟ್ಟಿ ಸಾಮಾನು ಸರಿಸಿ, ದೀಪ, ಟಿವಿ ಆರಿಸಿ, ಮಕ್ಕಳನ್ನು ಆಚೆ ಕಳಿಸಿ. ಬಾಯಿಗೆ ಕೈ ಹಾಕಬೇಡಿ. ಬೆಕ್ಕು ನಾಲಗೆ ನುಂಗಿಕೊಳ್ಳುವುದಿಲ್ಲ, ಆದರೆ ನಿಮ್ಮ ಬೆರಳು ಅದರ ಹಲ್ಲಿಗೆ ಸಿಗುತ್ತದೆ. ಕಬ್ಬಿಣದ ಕೀಲಿಕೈ, ಈರುಳ್ಳಿ, ಚಪ್ಪಲಿಯ ವಾಸನೆ ಮನುಷ್ಯರಿಗೂ ಉಪಯೋಗವಿಲ್ಲ, ಬೆಕ್ಕಿಗೂ ಇಲ್ಲ. ನೀರು ಕುಡಿಸಿದರೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಹೆಚ್ಚಿನ ಸೆಳೆತಗಳು ಒಂದೆರಡು ನಿಮಿಷದಲ್ಲಿ ತಾವಾಗಿಯೇ ನಿಲ್ಲುತ್ತವೆ. ಐದು ನಿಮಿಷ ದಾಟಿದರೆ, ಇಲ್ಲವೆ ಇಪ್ಪತ್ತನಾಲ್ಕು ಗಂಟೆಯಲ್ಲಿ ಎರಡನೆಯದು ಬಂದರೆ, ಅದು ತುರ್ತು. ಸ್ನಾಯುಗಳು ಬಿಡದೆ ದುಡಿದು ಮೈಯ ಶಾಖ ಏರುತ್ತದೆ, ಆ ಶಾಖವೇ ಮೆದುಳನ್ನು ಇನ್ನಷ್ಟು ಕೆಡಿಸುತ್ತದೆ. ದಾರಿಯಲ್ಲಿ ಒದ್ದೆ ಬಟ್ಟೆಯಿಂದ ಪಾದಗಳನ್ನು ಒರೆಸುತ್ತ, ಗಾಳಿ ಆಡಲು ಬಿಟ್ಟು ಆಸ್ಪತ್ರೆಗೆ ಹೊರಡಿ. ಐಸ್ ಇಡಬೇಡಿ. ಸೆಳೆತ ನಿಂತ ಮೇಲೆ ಬೆಕ್ಕು ಕಣ್ಣು ಕಾಣದಂತೆ ತಡವರಿಸಬಹುದು, ಮನೆಯವರನ್ನೇ ಕಂಡು ಗುರ್ ಎನ್ನಬಹುದು, ವಿಪರೀತ ಹಸಿವಿನಿಂದ ಅಲೆಯಬಹುದು. ಒಂದು ಕೋಣೆಯಲ್ಲಿ ಅದರ ಪಾಡಿಗೆ ಬಿಡಿ.

ಇನ್ನೊಂದು ಎಚ್ಚರಿಕೆಯನ್ನು ನಮ್ಮ ದೇಶದಲ್ಲಿ ಬಿಡುವ ಹಾಗಿಲ್ಲ. ಲಸಿಕೆ ಹಾಕಿಸದ ಅಥವಾ ಬೀದಿಯಿಂದ ಬಂದ ಬೆಕ್ಕಿನ ನಡವಳಿಕೆ ಬದಲಾಗಿ ಸೆಳೆತವೂ ಬಂದರೆ ರೇಬೀಸ್ ಇರಬಹುದೆಂದೇ ತಿಳಿದು ಮುಟ್ಟಬೇಕು. ಕಚ್ಚಿದರೆ, ಪರಚಿದರೆ ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಶುರು ಮಾಡಿಸಿ. ಬೆಕ್ಕು ಸತ್ತರೆ ಹೂತುಬಿಡುವ ಮುಂಚೆ ವೈದ್ಯರಿಗೆ ತಿಳಿಸಿ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೇಬೀಸ್ ಪತ್ತೆ ಪ್ರಯೋಗಾಲಯವಿದೆ.

ಈಗ ಕಾರಣಗಳಿಗೆ ಬರುತ್ತೇನೆ. ಎಳೆಯ ಬೆಕ್ಕು ಬಂದಾಗ ನಾನು ಮೊದಲು ಕೇಳುವುದು: ಇದರ ಮೈಗೆ ಏನು ಹಚ್ಚಿದಿರಿ? ನಾಯಿಗಳ ಚಿಗಟ, ಉಣ್ಣಿಗೆ ಹಾಕುವ ಪರ್ಮೆತ್ರಿನ್, ಕೊಟ್ಟಿಗೆಯಲ್ಲಿ ದನಗಳ ಉಣ್ಣಿಗೆ ಬಳಸುವ ಡೆಲ್ಟಾಮೆತ್ರಿನ್, ಸೈಪರ್‌ಮೆತ್ರಿನ್ ಎಲ್ಲ ಒಂದೇ ಕುಲದವು. ನಾಯಿಯ ಲಿವರ್ ಪರ್ಮೆತ್ರಿನ್ನನ್ನು ಸುಲಭವಾಗಿ ಅರಗಿಸಿ ಹೊರಹಾಕುತ್ತದೆ. ಅದಕ್ಕೆ ಬೇಕಾದ ಕಿಣ್ವಗಳು ಬೆಕ್ಕಿನ ಲಿವರಿನಲ್ಲಿ ತೀರಾ ಕಡಿಮೆ. ನಾಯಿಗೆ ಹಚ್ಚಿ ಉಳಿದ ನಾಲ್ಕು ಹನಿಯನ್ನು ಪ್ರೀತಿಯಿಂದಲೇ ಬೆಕ್ಕಿಗೆ ಹಚ್ಚುತ್ತಾರೆ. ಕೆಲವು ಗಂಟೆಗಳಲ್ಲಿ ಕಿವಿ ಅದುರಲು ಶುರುವಾಗಿ, ಮೈಯೆಲ್ಲ ನಡುಗಿ ಸೆಳೆತಕ್ಕೆ ತಿರುಗುತ್ತದೆ. ಆ ಬೂದು ಮರಿಯ ಮನೆಯಲ್ಲೂ ಹಿಂದಿನ ಸಂಜೆ ನಾಯಿಯ ಔಷಧ ತೆರೆದಿದ್ದರು. ಬೆಕ್ಕಿಗೆ ಹಚ್ಚಿರಲಿಲ್ಲ, ಆದರೆ ಅದು ನಾಯಿಯನ್ನು ಒರಗಿ ಮಲಗಿತ್ತು. ಪಾತ್ರೆ ತೊಳೆಯುವ ಸೋಪಿನಿಂದ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಸಲೈನ್ ಹಾಕಿ, ನಡುಕಕ್ಕೆ ಇಂಜೆಕ್ಷನ್ ಕೊಟ್ಟೆವು. ಮೂರನೆಯ ದಿನ ಮನೆಗೆ ಹೋಯಿತು. ಡಬ್ಬಿಯ ಮೇಲೆ ಬೆಕ್ಕಿಗೆ ಬಳಸಬಾರದೆಂದು ಬರೆದಿದ್ದರೂ ಆ ಅಕ್ಷರ ಸಾಸಿವೆಯಷ್ಟು ಸಣ್ಣ. ಅದು ದೊಡ್ಡದಾಗಬೇಕು, ಕನ್ನಡದಲ್ಲಿರಬೇಕು ಎಂದು ಈ ವೇದಿಕೆಯಿಂದ ಒತ್ತಾಯಿಸುತ್ತೇನೆ.

ಎರಡನೆಯ ಪ್ರಶ್ನೆ, ಏನು ತಿಂದಿತು? ಇಲಿಗೆ ಇಡುವ ಜಿಂಕ್ ಫಾಸ್ಫೈಡ್, ದೇವರ ಮನೆಯ ಕರ್ಪೂರ ಎರಡೂ ಸೆಳೆತ ತರುತ್ತವೆ. ಕೆಲವು ಜಾತಿಯ ಹಸಿ ಮೀನನ್ನೇ ದಿನವೂ ಹಾಕಿದರೆ ಅದರಲ್ಲಿರುವ ಕಿಣ್ವ ಥಯಾಮಿನ್ ಎಂಬ ಜೀವಸತ್ವವನ್ನು ಒಡೆದುಹಾಕುತ್ತದೆ. ಬೆಕ್ಕಿನ ತಲೆ ಎದೆಯತ್ತ ಬಾಗುತ್ತದೆ, ಪಾಪೆ ಅಗಲವಾಗುತ್ತದೆ, ಆಮೇಲೆ ಸೆಳೆತ. ಥಯಾಮಿನ್ ಇಂಜೆಕ್ಷನ್ ಬೇಗ ಸಿಕ್ಕರೆ ಚೇತರಿಸಿಕೊಳ್ಳುತ್ತದೆ. ಮೀನನ್ನು ಬೇಯಿಸಿದರೆ ಆ ಕಿಣ್ವ ನಾಶವಾಗುತ್ತದೆ.

ತಿಂದದ್ದರ ಪ್ರಶ್ನೆಗೆ ಎಷ್ಟು ತೂಕವಿದೆ ಎಂಬುದನ್ನು ಜಪಾನಿನ ಮಿನಮಾಟ ಕೊಲ್ಲಿಯ ಬೆಕ್ಕುಗಳು ತೋರಿಸಿದವು. 1950ರ ದಶಕದಲ್ಲಿ ಅಲ್ಲಿನ ಮೀನುಗಾರರ ಕೇರಿಗಳಲ್ಲಿ ಬೆಕ್ಕುಗಳು ಜೊಲ್ಲು ಸುರಿಸುತ್ತ, ಗಿರಗಿರ ಸುತ್ತುತ್ತ, ಸೆಳೆತದಿಂದ ಸಮುದ್ರಕ್ಕೆ ಬಿದ್ದು ಸಾಯುತ್ತಿದ್ದವು. ಜನ ಅದನ್ನು ಬೆಕ್ಕಿನ ಕುಣಿತದ ರೋಗ ಎಂದರು. 1956ರ ಮೇ 1ರಂದು ಚಿಸ್ಸೊ ಕಾರ್ಖಾನೆಯ ಆಸ್ಪತ್ರೆ ಮನುಷ್ಯರಲ್ಲಿ ಕಂಡ ವಿಚಿತ್ರ ನರರೋಗವನ್ನು ಆರೋಗ್ಯ ಕಚೇರಿಗೆ ತಿಳಿಸಿತು. ಆ ಆಸ್ಪತ್ರೆಯ ಮುಖ್ಯಸ್ಥ ಹಾಜಿಮೆ ಹೊಸೊಕಾವ 1959ರಲ್ಲಿ ಕಾರ್ಖಾನೆಯ ಕೊಳಚೆ ನೀರನ್ನೇ ಆಹಾರದಲ್ಲಿ ಬೆರೆಸಿ 400ನೆಯ ಸಂಖ್ಯೆಯ ಬೆಕ್ಕಿಗೆ ಕೊಟ್ಟರು. ಅದಕ್ಕೂ ಅದೇ ಸೆಳೆತ ಬಂತು. ಕಂಪನಿ ಆ ಫಲಿತಾಂಶವನ್ನು ಮುಚ್ಚಿಟ್ಟಿತು. 1970ರಲ್ಲಿ, ಸಾಯುವ ಕೆಲವು ತಿಂಗಳ ಮೊದಲು, ಹೊಸೊಕಾವ ಆಸ್ಪತ್ರೆಯ ಹಾಸಿಗೆಯಿಂದಲೇ ಸಾಕ್ಷಿ ಹೇಳಿದರು. ಮನೆಯವರು ತಿಂದ ಮೀನನ್ನೇ ಬೆಕ್ಕುಗಳೂ ತಿಂದಿದ್ದವು. ಆ ಕೊಳಚೆಯಿಂದ ಮೀನಿಗೆ ಸೇರಿದ ಮೀಥೈಲ್ ಪಾದರಸದ ವಿಷ ಅವುಗಳಲ್ಲಿ ಮೊದಲು ಕಾಣಿಸಿತು. ಮನೆಯ ಬೆಕ್ಕಿನ ಸೆಳೆತವನ್ನು ಸಣ್ಣ ವಿಷಯ ಎನ್ನುವವರಿಗೆ ನಾನು ಈ ಕಥೆ ಹೇಳುತ್ತೇನೆ.

ವಿಷವಿಲ್ಲವೆಂದಾದ ಮೇಲೆ ರಕ್ತ ಪರೀಕ್ಷೆ. ಕೆಲವೇ ವಾರದ ಮರಿ ಹಸಿದು ಸಕ್ಕರೆ ಅಂಶ ಇಳಿದರೂ ಫಿಟ್ಸ್ ಬರುತ್ತದೆ. ಸೆಳೆತ ನಿಂತ ಮೇಲೆ ಒಸಡಿಗೆ ತುಸು ಸಕ್ಕರೆ ಪಾಕ ಸವರಿಯೇ ಆಸ್ಪತ್ರೆಗೆ ತನ್ನಿ. ಹುಟ್ಟಿನಿಂದಲೇ ಕರುಳಿನ ರಕ್ತ ಲಿವರನ್ನು ತಪ್ಪಿಸಿ ಹರಿಯುವ ಮರಿಗಳಿಗೂ ಫಿಟ್ಸ್ ಬರುತ್ತದೆ. ಅವು ಕುಳ್ಳಗಿರುತ್ತವೆ, ಜೊಲ್ಲು ಸುರಿಸುತ್ತವೆ, ಕೆಲವುಗಳ ಕಣ್ಣು ತಾಮ್ರದ ಬಣ್ಣಕ್ಕಿರುತ್ತದೆ. ಎಷ್ಟೋ ಮರಿಗಳಿಗೆ ಶಸ್ತ್ರಚಿಕಿತ್ಸೆ ಸಾಧ್ಯ. ಇನ್ನು ಬೆಕ್ಕುಗಳ ಕೊರೊನಾ ವೈರಸ್ಸಿನಿಂದ ಬರುವ ಎಫ್‌ಐಪಿ ಎಂಬ ರೋಗ ಎಳೆಯ ಬೆಕ್ಕುಗಳನ್ನೇ ಹೆಚ್ಚು ಹಿಡಿಯುತ್ತದೆ, ಮೆದುಳಿಗೂ ಏರುತ್ತದೆ. ನಾನು ಓದುವ ಕಾಲಕ್ಕೆ ಅದು ಬಂದರೆ ಸಾವೇ. ಅಮೆರಿಕದ ನೀಲ್ಸ್ ಪೆಡರ್‌ಸನ್ ಮತ್ತು ಸಂಗಡಿಗರು 2019ರಲ್ಲಿ ಜಿಎಸ್-441524 ಎಂಬ ಔಷಧವನ್ನು 31 ಬೆಕ್ಕುಗಳಿಗೆ ಕೊಟ್ಟ ವರದಿ ಪ್ರಕಟಿಸಿದರು. ಹೆಚ್ಚಿನವು ಬದುಕಿದವು. ಎಫ್‌ಐಪಿ ಎಂದ ಕೂಡಲೇ ಬೆಕ್ಕನ್ನು ಕೈಬಿಡುವ ಕಾಲ ಹೋಯಿತು.

ಏನೂ ಸಿಗದಿದ್ದರೆ ಅದನ್ನು ಅಪಸ್ಮಾರ ಎನ್ನುತ್ತೇವೆ. ಆರು ತಿಂಗಳಲ್ಲಿ ಎರಡು ಸಲ ಬಂದರೆ, ಅಥವಾ ಒಂದೇ ಸಲವಾದರೂ ಐದು ನಿಮಿಷ ಮೀರಿದ್ದರೆ, ಔಷಧ ಶುರು ಮಾಡುತ್ತೇವೆ. ಮೊದಲ ಆಯ್ಕೆ ಫಿನೋಬಾರ್ಬಿಟಾಲ್, ಅಂಗಡಿಯಲ್ಲಿ ಗಾರ್ಡಿನಾಲ್ ಎನ್ನುತ್ತಾರೆ. 1912ರಲ್ಲಿ ಜರ್ಮನಿಯ ಆಲ್ಫ್ರೆಡ್ ಹಾಪ್ಟ್‌ಮನ್ ಮನುಷ್ಯರ ಅಪಸ್ಮಾರಕ್ಕೆ ಕಂಡುಕೊಂಡ ಅದೇ ಔಷಧ. ಬೆಕ್ಕಿಗೆ ಬೇಕಾದ ಪ್ರಮಾಣ ತೀರಾ ಸಣ್ಣದು, ಅದನ್ನು ತೂಕ ನೋಡಿ ವೈದ್ಯರೇ ನಿಗದಿ ಮಾಡಬೇಕು. ಮೊದಲ ಒಂದೆರಡು ವಾರ ಬೆಕ್ಕು ಮಂಕಾಗಿ ತೂರಾಡುತ್ತದೆ, ಆಮೇಲೆ ಸರಿಹೋಗುತ್ತದೆ. ಎರಡು ಮೂರು ವಾರಕ್ಕೆ ರಕ್ತದಲ್ಲಿ ಔಷಧದ ಮಟ್ಟ ನೋಡಬೇಕು. ನಾಯಿಗೆ ಕೊಡುವ ಪೊಟ್ಯಾಸಿಯಂ ಬ್ರೋಮೈಡ್ ಬೆಕ್ಕಿನ ಉಸಿರಾಟ ಕೆಡಿಸುತ್ತದೆ. ದಿನವೂ ಬಾಯಿಗೆ ಕೊಡುವ ಡಯಾಜೆಪಾಮ್ ಕೆಲವು ಬೆಕ್ಕುಗಳ ಲಿವರನ್ನೇ ಕೊಂದಿದೆ. ಜ್ವರವೆಂದು ಪ್ಯಾರಾಸಿಟಮಾಲ್ ಎಂದಿಗೂ ಕೊಡಬಾರದು, ಅದು ಬೆಕ್ಕಿನ ಪಾಲಿಗೆ ವಿಷ.

ಸೆಳೆತ ನಿಂತಿತೆಂದು ಗಾರ್ಡಿನಾಲನ್ನು ಒಮ್ಮೆಲೇ ಬಿಡಿಸಿದರೆ ಹಿಂದಿಗಿಂತ ಜೋರಾಗಿ ಮರಳುವ ಅಪಾಯವಿದೆ. ವರ್ಷಕ್ಕೂ ಹೆಚ್ಚು ಕಾಲ ಒಂದೂ ಬಾರದೆ ಇದ್ದರೆ ಮಾತ್ರ, ವೈದ್ಯರ ಕಣ್ಗಾವಲಿನಲ್ಲಿ, ತಿಂಗಳುಗಟ್ಟಲೆ ನಿಧಾನವಾಗಿ ಇಳಿಸಿ ನೋಡಬಹುದು. ಊರಿಗೆ ಹೊರಟಾಗ ಪಕ್ಕದ ಮನೆಯವರಿಗೆ ಬೆಕ್ಕಿನ ಜೊತೆ ಮಾತ್ರೆಯ ಪಟ್ಟಿ, ಹನ್ನೆರಡು ಗಂಟೆಗೊಮ್ಮೆಯ ವೇಳೆ, ವೈದ್ಯರ ಫೋನ್ ನಂಬರು ಬರೆದ ಚೀಟಿಯನ್ನೂ ಕೊಟ್ಟು ಹೋಗಿ.