ಸಿ.ಡಿ.ಯ ವೇಷದಲ್ಲಿ ಬಂದ ವೈಫೈ



ಕಳೆದ ವರ್ಷ ಗೆಳೆಯರೆಲ್ಲ ಸೇರಿ ನಾವು ಓದಿದ ಹಳ್ಳಿಯ ಶಾಲೆಗೆ ಎಂಟು ಕಂಪ್ಯೂಟರುಗಳನ್ನು ಕೊಟ್ಟೆವು. ಹಳೆಯ ಯಂತ್ರಗಳಾದ್ದರಿಂದ ಅವಕ್ಕೆ ಲಿನಕ್ಸ್ ಹಾಕಿದೆವು. ಚಂದಾ ಎತ್ತಿ ಎಂಟು ಯುಎಸ್‌ಬಿ ವೈಫೈ ಅಡಾಪ್ಟರುಗಳನ್ನೂ ಕೊಂಡೆವು. ಸಿಕ್ಕಿಸಿ ನೋಡಿದರೆ ವೈಫೈ ಇಲ್ಲ! ಬದಲಿಗೆ ಪರದೆಯ ಮೇಲೆ ಒಂದು ಸಿ.ಡಿ.ಯ ಚಿತ್ರ ಮೂಡಿತು. "ಕೆಟ್ಟ ಮಾಲು, ಊರವರ ದುಡ್ಡು ನೀರಿಗೆ ಹೋಯಿತು" ಎಂದು ಗೆಳೆಯರು ಪೇಚಾಡಿದರು. ಆದರೆ ಎಂಟೂ ಒಂದೇ ರೀತಿಯಲ್ಲಿ ಕೆಡುವುದುಂಟೇ? ಇದಕ್ಕೊಂದು ಕಾರಣವಿರಲೇಬೇಕು ಎನ್ನಿಸಿತು.

ಯಾವ ಸಾಧನವೂ ಕೆಲಸ ಮಾಡಲು ಡ್ರೈವರ್ ಎಂಬ ತಂತ್ರಾಂಶ ಬೇಕು. ಹಿಂದೆ ಅದನ್ನು ಸಿ.ಡಿ.ಯಲ್ಲಿ ಕೊಡುತ್ತಿದ್ದರು. ಕಂಪ್ಯೂಟರುಗಳಲ್ಲಿ ಸಿ.ಡಿ. ಡ್ರೈವ್ ಅಪರೂಪವಾದಾಗ ತಯಾರಕರು ಒಂದು ಉಪಾಯ ಹೂಡಿದರು. ಅಡಾಪ್ಟರಿನೊಳಗೇ ಪುಟ್ಟ ಉಗ್ರಾಣವಿಟ್ಟು, ವಿಂಡೋಸ್‌ನ ಡ್ರೈವರನ್ನು ಅದರಲ್ಲಿ ತುಂಬಿದರು. ಸಿಕ್ಕಿಸಿದ ಕೂಡಲೇ ಅದು "ನಾನು ಸಿ.ಡಿ. ಡ್ರೈವ್" ಎನ್ನುತ್ತದೆ. ವಿಂಡೋಸ್‌ನಲ್ಲಿ ಡ್ರೈವರ್ ಸ್ಥಾಪನೆಯಾದ ಮೇಲೆ, ವೇಷ ಕಳಚು ಎಂಬ ಆಜ್ಞೆ ಅದಕ್ಕೆ ಹೋಗುತ್ತದೆ. ಲಿನಕ್ಸ್‌ನಲ್ಲಿ ಆ ಡ್ರೈವರ್ ನಡೆಯದು. ಆಜ್ಞೆ ಕೊಡುವವರಿಲ್ಲದಿದ್ದರೆ ಸಾಧನ ವೇಷದಲ್ಲೇ ಉಳಿಯುತ್ತದೆ.

ಇದನ್ನು ಪತ್ತೆಮಾಡುವುದು ಹೇಗೆ? ಪ್ರತಿ ಯುಎಸ್‌ಬಿ ಸಾಧನಕ್ಕೂ ಎರಡು ಗುರುತುಸಂಖ್ಯೆಗಳಿವೆ: ಒಂದು ತಯಾರಕರದು, ಇನ್ನೊಂದು ಸಾಧನದ್ದು. ಟರ್ಮಿನಲ್ಲಿನಲ್ಲಿ 'ಎಲ್‌ಎಸ್‌ಯುಎಸ್‌ಬಿ' ಎಂದು ಟೈಪಿಸಿದರೆ ಅವು ಕಾಣುತ್ತವೆ. ನಮ್ಮವು ರಿಯಲ್‌ಟೆಕ್ ಚಿಪ್ಪಿನವು. ತಯಾರಕರ ಸಂಖ್ಯೆ '0ಬಿಡಿಎ', ಸಾಧನದ ಸಂಖ್ಯೆ '1ಎ2ಬಿ'. ಈ ಎರಡನೆಯದೇ ಸಿ.ಡಿ. ವೇಷದ ಗುರುತು.

ಪರಿಹಾರ ಸುಲಭ. ಪರದೆಯ ಸಿ.ಡಿ. ಚಿತ್ರದ ಮೇಲೆ ಬಲಗುಂಡಿ ಒತ್ತಿ 'ಇಜೆಕ್ಟ್' ಆರಿಸಿದೆವು. ಮತ್ತೆ ನೋಡಿದರೆ ಸಂಖ್ಯೆ 'ಸಿ811' ಎಂದು ಬದಲಾಗಿತ್ತು! ಆರು ಯಂತ್ರಗಳಲ್ಲಿ ವೈಫೈ ಬಂದೇ ಬಿಟ್ಟಿತು. ಇಜೆಕ್ಟ್‌ನಿಂದ ಆಗದಿದ್ದರೆ 'ಯುಎಸ್‌ಬಿ ಮೋಡ್‌ಸ್ವಿಚ್' ಎಂಬ ಉಚಿತ ತಂತ್ರಾಂಶವಿದೆ. ಪ್ರತಿ ಸಲ ತಾನಾಗಿಯೇ ವೇಷ ಕಳಚುವಂತೆ 'ಯುಡೆವ್' ನಿಯಮವನ್ನೂ ಬರೆದಿಡಬಹುದು. ಶಾಲೆಯಲ್ಲಿ ಹಾಗೆಯೇ ಮಾಡಿದೆವು.

ಉಳಿದೆರಡು? ಅವುಗಳಲ್ಲೂ ಸಂಖ್ಯೆ ಬದಲಾಗಿತ್ತು, ವೈಫೈ ಮಾತ್ರ ಇಲ್ಲ. ಅಂದರೆ ಮೊದಲ ತೊಡಕು ಕಳೆದು ಎರಡನೆಯದು ಉಳಿದಿತ್ತು. ಈ ಚಿಪ್ಪಿನ ಯುಎಸ್‌ಬಿ ಡ್ರೈವರ್ ಲಿನಕ್ಸ್ ಕರ್ನಲ್‌ಗೆ ಸೇರಿದ್ದು 2023ರ ಫೆಬ್ರವರಿಯಲ್ಲಿ ಬಂದ 6.2ನೇ ಆವೃತ್ತಿಯಲ್ಲಿ. 'ಯುನೇಮ್ -ಆರ್' ಎಂದು ಕೇಳಿದಾಗ ಆ ಎರಡರಲ್ಲಿ ಹಳೆಯ ಕರ್ನಲ್ ಇರುವುದು ತಿಳಿಯಿತು. ಮೊಬೈಲನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ, ಅದರ ಇಂಟರ್ನೆಟ್ಟಿನಿಂದಲೇ ಹೊಸ ಕರ್ನಲ್ ಇಳಿಸಿಕೊಂಡೆವು.

ಗೆಳೆಯರೇ, ನಿಮ್ಮ ಸಾಧನವೂ ಹೀಗೆ ಮುಷ್ಕರ ಹೂಡಿದರೆ ಎಸೆಯಬೇಡಿ. ಕ್ರಮವಾಗಿ ಕೇಳಿ: ಸಾಧನ ತನ್ನನ್ನು ಏನೆಂದು ಹೇಳಿಕೊಳ್ಳುತ್ತಿದೆ? ವೇಷ ಕಳಚಿದೆಯೇ? ಡ್ರೈವರ್ ಇದೆಯೇ? ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಫಲವನ್ನು ಬರೆದಿಡಿ. ಪ್ರಯೋಗಶಾಲೆಯಲ್ಲಿ ನೀವು ಕಲಿಯುವ ಪಾಠವೂ ಇದೇ ಅಲ್ಲವೇ?