ಮಳೆ ಪುಸ್ತಕ ತೆರೆಯುವ ವಾರ



ಹವಾಮಾನದ ಬಗ್ಗೆ ಇಡೀ ನಗರವೇ ಒಂದು ವಾರ ಸಭೆ, ಪ್ರದರ್ಶನ, ನಡಿಗೆಗಳನ್ನು ಏರ್ಪಡಿಸುವ ಪದ್ಧತಿ ನ್ಯೂಯಾರ್ಕಿನಲ್ಲಿ 2009ರಿಂದ, ಲಂಡನ್ನಿನಲ್ಲಿ 2019ರಿಂದ ಇದೆ. ಸಪ್ತಾಹ ನಮಗೇನೂ ಹೊಸತಲ್ಲ. 1950ರಲ್ಲಿ ಕೇಂದ್ರ ಸಚಿವ ಕೆ. ಎಂ. ಮುನ್ಷಿಯವರು ಆರಂಭಿಸಿದ ವನಮಹೋತ್ಸವವೂ ಜುಲೈ ಮೊದಲ ವಾರದ ಕಾರ್ಯಕ್ರಮವೇ. ಆದರೆ ವರ್ಷವರ್ಷವೂ ಅದೇ ಗುಂಡಿಯಲ್ಲಿ ಹೊಸ ಗಿಡ ನೆಡುವ ತಮಾಷೆ ನಿಮಗೂ ಗೊತ್ತು.

ಚಿಕ್ಕಮಗಳೂರಿನಲ್ಲಿ ಹವಾಮಾನ ಸಪ್ತಾಹ ನಡೆಯುವುದಾದರೆ, ಗಿಡಗಳ ಜೊತೆಗೆ ಕಾಫಿ ತೋಟಗಳ ಮಳೆ ಪುಸ್ತಕಗಳೂ ಹೊರಬರಲಿ ಎಂಬುದು ನನ್ನ ಸಲಹೆ. ಇಲ್ಲಿನ ಬೆಳೆಗಾರರು ಮಳೆಯನ್ನು ಇಂದಿಗೂ ಇಂಚು, ಸೆಂಟುಗಳಲ್ಲಿ ಹೇಳುತ್ತಾರೆ. ನೂರು ಸೆಂಟಿಗೆ ಒಂದು ಇಂಚು. "ನಿಮ್ಮಲ್ಲಿ ಎಷ್ಟಾಯ್ತು ಮಾರಾಯ್ರೇ?" "ಎಂಬತ್ತು ಸೆಂಟು." ಬೆಳಿಗ್ಗೆ ಮಳೆಮಾಪಕ ನೋಡಿ ಬರೆದಿಡುವುದು ಎಷ್ಟೋ ತೋಟಗಳಲ್ಲಿ ತಲೆಮಾರುಗಳ ರೂಢಿ.

ಇಷ್ಟು ಸೂಕ್ಷ್ಮ ಲೆಕ್ಕವೇಕೆ? ಕಾಫಿಯ ಮೊಗ್ಗು ಬೇಸಿಗೆಯ ಒಣಹವೆಯಲ್ಲಿ ನಿದ್ರಿಸುತ್ತಿರುತ್ತದೆ. ಹದವಾಗಿ ಒಂದು ಇಂಚಿನಷ್ಟು ಹೂಮಳೆ ಬಿದ್ದರೆ, ಎಂಟು ಹತ್ತು ದಿನಗಳಲ್ಲಿ ತೋಟವೆಲ್ಲ ಬೆಳ್ಳಗಾಗುತ್ತದೆ. ಬರಿಯ ತುಂತುರು ಬಿದ್ದು ನಿಂತರೆ ಮೊಗ್ಗು ಅರೆಬರೆಯಾಗಿ ಕೆಡುತ್ತದೆ. ಹೂ ಅರಳಿದ ದಿನವೇ ಮಳೆ ಸುರಿದರೆ ಪರಾಗ ತೊಳೆದುಹೋಗುತ್ತದೆ. ರೋಬಸ್ಟಾ ಗಿಡವಂತೂ ತನ್ನದೇ ಪರಾಗದಿಂದ ಕಾಯಿ ಕಟ್ಟದು. ಅದಕ್ಕೆ ಪಕ್ಕದ ಗಿಡದ ಪರಾಗ, ಅದನ್ನು ತರುವ ಗಾಳಿ, ಜೇನ್ನೊಣ ಬೇಕು. 2021ರ ಜನವರಿಯಲ್ಲಿ ಅಕಾಲ ಮಳೆ ಬಂದಾಗ ಗಿಡದಲ್ಲಿ ಹಣ್ಣು, ಕಣದಲ್ಲಿ ಒಣಹಾಕಿದ ಕಾಫಿ ಎರಡೂ ನೆನೆದವು. ವರ್ಷದ ಒಟ್ಟು ಮಳೆಯ ಅಂಕಿ ಇದಾವುದನ್ನೂ ಹೇಳುವುದಿಲ್ಲ.

ಇನ್ನೊಂದು ಲೆಕ್ಕ ನೋಡಿ. ಒಂದು ಎಕರೆಯ ಮೇಲೆ ಒಂದು ಇಂಚು ಮಳೆ ಎಂದರೆ ಸುಮಾರು 1 ಲಕ್ಷ ಲೀಟರ್ ನೀರು. ಹತ್ತು ಇಂಚು ಹತ್ತು ದಿನಗಳಲ್ಲಿ ಬಂದರೆ ನೆಲ ಕುಡಿಯಲು ಸಮಯವಿರುತ್ತದೆ. ಒಂದೇ ದಿನ ಬಂದರೆ ಇಳಿಜಾರಿನ ಮಣ್ಣು ತಡೆಯುವುದು ಕಷ್ಟ. ಲಂಡನ್ನಿನ ಮೊದಲ ಸಪ್ತಾಹ ಮುಗಿದ ಮರುತಿಂಗಳು, 2019ರ ಆಗಸ್ಟಿನಲ್ಲಿ, ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಗಳಲ್ಲಿ ಗುಡ್ಡ ಕುಸಿದು ಮನೆ, ತೋಟಗಳು ಮಣ್ಣುಪಾಲಾದವು.

ಆದ್ದರಿಂದ ಮೂಡಿಗೆರೆ, ಕಳಸ, ಆಲ್ದೂರುಗಳ ವಿದ್ಯಾರ್ಥಿಗಳು ಬೆಳೆಗಾರರ ಒಪ್ಪಿಗೆ ಪಡೆದು ಹಳೆಯ ಪುಸ್ತಕಗಳಿಂದ ಮೂರು ಸಂಗತಿ ಬರೆದುಕೊಳ್ಳಬಹುದು: ಹೂಮಳೆ ಬಂದ ತಾರೀಖು, ಮಳೆಯಾದ ದಿನಗಳು, ವರ್ಷದ ಅತಿ ಹೆಚ್ಚಿನ ಒಂದು ದಿನದ ಮಳೆ. 2.5 ಮಿಲಿಮೀಟರ್, ಎಂದರೆ ಸುಮಾರು 10 ಸೆಂಟು ಬಿದ್ದರಷ್ಟೇ ಹವಾಮಾನ ಇಲಾಖೆ ಅದನ್ನು ಮಳೆ ದಿನವೆಂದು ಎಣಿಸುತ್ತದೆ. ನಾಲ್ಕೈದು ವರ್ಷದ ಅಂಕಿ ಸಾಲದು. ಹವಾಮಾನದ ಮಾತಿಗೆ ಕನಿಷ್ಠ 30 ವರ್ಷ ಬೇಕು. ಅಂದಹಾಗೆ, ಮಳೆಮಾಪಕ ಬಯಲಿನಲ್ಲಿತ್ತೇ, ಮರದಡಿ ಇತ್ತೇ, ನಡುವೆ ಜಾಗ ಬದಲಾಯಿತೇ ಎಂದೂ ಮನೆಯ ಹಿರಿಯರನ್ನು ಕೇಳಿ. ಮರದ ನೆರಳಿನ ಮಾಪಕಕ್ಕೆ ಬಿದ್ದ ಮಳೆಯೆಲ್ಲ ಸಿಕ್ಕಿರುವುದಿಲ್ಲ.